ವಿಶಿಷ್ಟ ತಾಣದಲ್ಲಿ ಸಹಾಯಾರ್ಥ ಸಂಜೆ: ಯೋಜನೆಯಿಂದ ಅಲಂಕಾರದವರೆಗೆ ಸಮಗ್ರ ಮಾರ್ಗದರ್ಶಿ

ಸಾಮಾನ್ಯ ಸಭಾಂಗಣವೊಂದನ್ನು ಬಾಡಿಗೆಗೆ ಪಡೆದರೆ ವಿದ್ಯುತ್ತು, ನೀರು, ಶೌಚಾಲಯ, ಅಡುಗೆಮನೆ, ವಾಹನ ನಿಲುಗಡೆ ಎಲ್ಲವೂ ಸಿದ್ಧವಾಗಿರುತ್ತವೆ. ಇಲ್ಲದಿರುವುದು ನೋಟವೊಂದೇ, ಅದನ್ನು ಅಲಂಕಾರದಿಂದ ತಂದುಕೊಳ್ಳುತ್ತೇವೆ. ವಿಮಾನದ ಹ್ಯಾಂಗರ್, ಮುಚ್ಚಿಹೋದ ಗಿರಣಿ, ಗಾಜಿನ ಸಸ್ಯಗೃಹ, ನೀರಿಲ್ಲದ ಈಜುಕೊಳ, ವಸ್ತುಸಂಗ್ರಹಾಲಯ, ಗಣಿಯ ಒಳಗಣ ಕೋಣೆ ಮುಂತಾದ ಕಡೆಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ನೋಟ ಮೊದಲೇ ಇದೆ. ಉಳಿದದ್ದನ್ನೆಲ್ಲ ನಾವು ಹೊತ್ತು ತರಬೇಕು. ಆದ್ದರಿಂದ ಅಲಂಕಾರಕ್ಕೆ ಇಟ್ಟ ಹಣದ ಬಹುಪಾಲು ಕಣ್ಣಿಗೆ ಕಾಣದ ಸೌಕರ್ಯಗಳಿಗೆ ಹೋಗುತ್ತದೆ ಎಂಬುದನ್ನು ಆರಂಭದಲ್ಲೇ ಒಪ್ಪಿಕೊಂಡವರು ಮಾತ್ರ ಇಂತಹ ತಾಣಗಳತ್ತ ತಿರುಗಬೇಕು. ತಾಣವನ್ನು ಬಟ್ಟೆಯಿಂದ ಮುಚ್ಚಿ ಸಭಾಂಗಣದಂತೆ ಮಾಡುವುದಾದರೆ ಸಭಾಂಗಣಕ್ಕೇ ಹೋಗುವುದು ಅಗ್ಗ.

ಚರ್ಚೆ ಹಿಡಿತಕ್ಕೆ ಸಿಗಲೆಂದು ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ತಾಣ: ಬಳಕೆಯಲ್ಲಿಲ್ಲದ ರೈಲು ಎಂಜಿನ್ ದುರಸ್ತಿ ಶೆಡ್. ಅತಿಥಿಗಳು: 200. ಉದ್ದೇಶ: ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳಿಗೆ ನಿಧಿ ಸಂಗ್ರಹ.

ಮೊದಲ ಹಂತ: ಹಣದ ಲೆಕ್ಕ

ಥೀಮಿನ ಮಾತು ಆಮೇಲೆ. ಮೊದಲು ಬೇಕಿರುವುದು ಖರ್ಚನ್ನು ಎರಡು ಭಾಗ ಮಾಡುವುದು: ಎಷ್ಟೇ ಜನ ಬಂದರೂ ಬದಲಾಗದ ಖರ್ಚು (ಬಾಡಿಗೆ, ಜನರೇಟರ್, ದೀಪ, ಧ್ವನಿ, ವಿಮೆ) ಮತ್ತು ತಲೆಗೆ ಇಷ್ಟೆಂದು ಬೀಳುವ ಖರ್ಚು (ಊಟ, ಕುರ್ಚಿ, ಮೇಜುಬಟ್ಟೆ). ಒಂದು ಟಿಕೆಟಿನ ಬೆಲೆಯನ್ನು 100 ಪಾಲು ಎಂದುಕೊಂಡು, ಅದರಲ್ಲಿ 40 ಪಾಲು ಅತಿಥಿಯ ಮೇಲೆಯೇ ಖರ್ಚಾದರೆ ಉಳಿಯುವುದು 60. ಬದಲಾಗದ ಖರ್ಚು 9,000 ಪಾಲು ಇದ್ದರೆ ಅದನ್ನು ತೀರಿಸಲು 150 ಅತಿಥಿಗಳು ಬೇಕು. 200 ಜನ ಬಂದರೂ ಟಿಕೆಟಿನಿಂದ ಉಳಿಯುವುದು 3,000 ಪಾಲು ಮಾತ್ರ. ವಿಶಿಷ್ಟ ತಾಣಗಳಲ್ಲಿ ಬದಲಾಗದ ಖರ್ಚೇ ಹೆಚ್ಚಿರುವುದರಿಂದ ಟಿಕೆಟ್ ಮಾರಾಟವನ್ನು ನಂಬಿ ಕುಳಿತ ಸಮಿತಿಗಳು ಒಳ್ಳೆಯ ಔತಣ ಕೊಟ್ಟು ಕೈ ಖಾಲಿ ಮಾಡಿಕೊಳ್ಳುತ್ತವೆ. ಬದಲಾಗದ ಖರ್ಚನ್ನು ಪ್ರಾಯೋಜಕರಿಂದ ಪೂರ್ತಿಯಾಗಿ ಭರಿಸಿಕೊಂಡ ನಂತರವೇ ಆಮಂತ್ರಣ ಅಚ್ಚಿಗೆ ಹೋಗಬೇಕು ಎಂಬುದು ನನ್ನ ಕಟ್ಟುನಿಟ್ಟಿನ ಅಭಿಪ್ರಾಯ. ನಿಧಿ ಸಂಗ್ರಹದ ಖರ್ಚು ಬಂದ ದೇಣಿಗೆಯ ಶೇ 35ನ್ನು ಮೀರಬಾರದು ಎಂಬುದು ಅಮೆರಿಕದ ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಸಂಸ್ಥೆಯು ದತ್ತಿ ಸಂಸ್ಥೆಗಳಿಗೆ ಹಾಕಿರುವ ಮಾನದಂಡ. ಅದು ಸಂಸ್ಥೆಯ ಒಟ್ಟು ಲೆಕ್ಕಕ್ಕೆ ಸಂಬಂಧಿಸಿದ್ದಾದರೂ ಒಂದು ಸಂಜೆಯ ಯೋಜನೆಗೂ ಅದನ್ನು ಎಲ್ಲೆಯಾಗಿ ಇಟ್ಟುಕೊಳ್ಳಬಹುದು.

ಎರಡನೆಯ ಹಂತ: ತಾಣವನ್ನು ಮೂರು ಬಾರಿ ನೋಡುವುದು

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ತಾಣಕ್ಕೆ ಮೂರು ಬಾರಿ ಹೋಗಬೇಕು: ಹಗಲಿನಲ್ಲಿ ಅಳತೆ ತೆಗೆಯಲು, ಸಮಾರಂಭ ನಡೆಯುವ ಹೊತ್ತಿನಲ್ಲಿಯೇ ಬೆಳಕು ಮತ್ತು ಸದ್ದನ್ನು ಗಮನಿಸಲು, ಕೊನೆಯದಾಗಿ ವಿದ್ಯುತ್, ಧ್ವನಿ ಮತ್ತು ಊಟದ ವ್ಯವಸ್ಥೆಯವರನ್ನು ಜೊತೆಗೆ ಕರೆದುಕೊಂಡು. ಅಳತೆ ಎಂದರೆ ಒಳಗಿನ ಉದ್ದಗಲವಷ್ಟೇ ಅಲ್ಲ; ಹೊರಗಿನ ರಸ್ತೆಯಿಂದ ವೇದಿಕೆಯ ಜಾಗದವರೆಗೆ ಸಾಮಾನು ಸಾಗುವ ದಾರಿಯಲ್ಲಿರುವ ಪ್ರತಿಯೊಂದು ಬಾಗಿಲು, ತಿರುವು ಮತ್ತು ಮೆಟ್ಟಿಲಿನ ಅಳತೆಯೂ ಹೌದು. ಒಮ್ಮೆ ನಾವು ಬಹಳ ಆಸೆಯಿಂದ ಮಾಡಿಸಿದ ಹದಿಮೂರು ಅಡಿ ಎತ್ತರದ ಮರದ ಕಮಾನು ಹನ್ನೊಂದು ಅಡಿಯ ಗೇಟಿನ ಮುಂದೆ ನಿಂತುಬಿಟ್ಟಿತು. ಸಂಜೆಯಿಡೀ ಅದು ವಾಹನ ನಿಲ್ಲಿಸುವ ಜಾಗವನ್ನು ಅಲಂಕರಿಸಿತು.

ಎಷ್ಟು ಜನ ಹಿಡಿಸುತ್ತಾರೆ ಎಂಬುದನ್ನು ಕಣ್ಣಂದಾಜಿನಿಂದ ಹೇಳಬಾರದು. ಐದು ಅಡಿ ವ್ಯಾಸದ ದುಂಡು ಮೇಜಿಗೆ ಎಂಟು ಜನ, ಆರು ಅಡಿಯದಕ್ಕೆ ಹತ್ತು ಜನ ಆರಾಮವಾಗಿ ಕೂರುತ್ತಾರೆ. ಎರಡು ಮೇಜುಗಳ ಅಂಚುಗಳ ನಡುವೆ ಐದು ಅಡಿ ಬಿಟ್ಟರೆ ಬೆನ್ನಿಗೆ ಬೆನ್ನಾಗಿ ಕುರ್ಚಿ ಹಾಕಿದ ಮೇಲೂ ಬಡಿಸುವವರು ಹಾದುಹೋಗಬಹುದು. ಹೀಗೆ ಒಂದು ಐದಡಿ ಮೇಜು 100 ಚದರ ಅಡಿ ಬೇಡುತ್ತದೆ. ನಮ್ಮ 200 ಅತಿಥಿಗಳ 25 ಮೇಜುಗಳಿಗೆ 2,500 ಚದರ ಅಡಿ. ವೇದಿಕೆ, ಹರಾಜಿನ ಮೇಜುಗಳು, ನಡೆದಾಡುವ ದಾರಿ, ಪರದೆಯ ಹಿಂದಿನ ಅಡುಗೆ ವ್ಯವಸ್ಥೆ ಸೇರಿದರೆ 4,000 ಚದರ ಅಡಿ ಬೇಕಾಗುತ್ತದೆ. ಇದಕ್ಕಿಂತ ತೀರಾ ದೊಡ್ಡ ತಾಣವೂ ತೊಂದರೆಯೇ, ಏಕೆಂದರೆ ಅರ್ಧ ಖಾಲಿಯಾಗಿ ಕಾಣುವ ಕೋಣೆಯಲ್ಲಿ ಯಾರಿಗೂ ಉದಾರತೆ ಉಕ್ಕುವುದಿಲ್ಲ. ಶೆಡ್ ದೊಡ್ಡದಾಗಿದ್ದರೆ ಬೇಕಾದಷ್ಟು ಭಾಗಕ್ಕೆ ಮಾತ್ರ ಬೆಳಕು ಕೊಟ್ಟು ಉಳಿದದ್ದನ್ನು ಕತ್ತಲಿಗೆ ಬಿಡಬೇಕು.

ವಿದ್ಯುತ್ತಿನ ಲೆಕ್ಕದಲ್ಲಿ ಎಲ್ಲರೂ ದೀಪಗಳಿಗೆ ಹೆದರುತ್ತಾರೆ, ಹೆದರಬೇಕಾದದ್ದು ಅಡುಗೆಗೆ. 230 ವೋಲ್ಟ್, 16 ಆಂಪಿಯರ್‌ನ ಒಂದು ಸರ್ಕ್ಯೂಟ್ 3,680 ವ್ಯಾಟ್ ಕೊಡಬಲ್ಲದು. ಗಂಟೆಗಟ್ಟಲೆ ಸತತವಾಗಿ ನಡೆಯುವ ಹೊರೆಗೆ ಅದರ ಶೇ 80ರಷ್ಟನ್ನು, ಅಂದರೆ ಸುಮಾರು 2,900 ವ್ಯಾಟ್ ಮಾತ್ರ ಬಳಸುವುದು ಕ್ಷೇಮ. 15 ವ್ಯಾಟಿನ 40 ಎಲ್‌ಇಡಿ ದೀಪಗಳು ಸೇರಿದರೂ 600 ವ್ಯಾಟ್. ಆದರೆ 3,000 ವ್ಯಾಟಿನ ನೀರು ಕಾಯಿಸುವ ಪಾತ್ರೆ ಒಂದೇ ಇಡೀ ಸರ್ಕ್ಯೂಟನ್ನು ನುಂಗುತ್ತದೆ. ಅಡುಗೆಯ ಸಾಲನ್ನೂ ಧ್ವನಿಯ ಸಾಲನ್ನೂ ಬೇರೆಬೇರೆ ಇಡಬೇಕು, ಇಲ್ಲವಾದರೆ ಕಾಫಿ ಕಾಯುವ ಹೊತ್ತಿಗೆ ಭಾಷಣದ ಮೈಕು ಸಾಯುತ್ತದೆ. ಜನರೇಟರ್ ತರಿಸುವಾಗ ಅದರ ಮೇಲೆ ಬರೆದ ಕೆವಿಎ (ಕಿಲೋವೋಲ್ಟ್-ಆಂಪಿಯರ್) ಅಂಕಿಯನ್ನು 0.8ರಿಂದ ಗುಣಿಸಿದರೆ ಸಿಗುವ ಕಿಲೋವ್ಯಾಟ್ ಲೆಕ್ಕವನ್ನೇ ನಂಬಬೇಕು. ಸುರುಳಿಯ ಕೇಬಲ್ ಬಳಸಿದರೆ ಅದನ್ನು ಪೂರ್ತಿ ಬಿಚ್ಚಿ ಹಾಸಬೇಕು. ಸುತ್ತಿಟ್ಟ ಸುರುಳಿ ಹೊರೆ ಬಿದ್ದಾಗ ಬಿಸಿಯೇರಿ ಕರಗುತ್ತದೆ.

ಪ್ರತಿಯೊಂದು ಬಗೆಯ ತಾಣಕ್ಕೂ ಅದರದೇ ಹಟಗಳಿರುತ್ತವೆ. ವಸ್ತುಸಂಗ್ರಹಾಲಯಗಳಲ್ಲಿ ಕಾಗದ ಮತ್ತು ಬಟ್ಟೆಯ ಪ್ರದರ್ಶಿಕೆಗಳ ಮೇಲೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳುವಂತಿಲ್ಲ. ಮಣ್ಣಿನ ಕುಂಡ, ಉರಿಯುವ ಬತ್ತಿ, ಕೆಂಪು ದ್ರಾಕ್ಷಾರಸಗಳಿಗೆ ಅನೇಕ ಕಡೆ ಪ್ರವೇಶವೇ ಇಲ್ಲ. ಸಸ್ಯಗೃಹದ ಗಾಜಿಗೆ ರಾತ್ರಿ ಹನಿ ಕಟ್ಟಿ ಮೇಜಿನ ಮೇಲೆ ತೊಟ್ಟಿಕ್ಕುತ್ತದೆ. ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಯಲ್ಲಿ ನೆಲದಿಂದ ನೂರು ಮೀಟರಿಗೂ ಹೆಚ್ಚು ಆಳದ ಕೋಣೆಗಳಲ್ಲಿ ಔತಣಗಳು ನಡೆಯುತ್ತವೆ. ಅಂತಹ ಕಡೆ ಅತಿಥಿಗಳು ಲಿಫ್ಟಿನಲ್ಲಿ ತಂಡತಂಡವಾಗಿ ಇಳಿಯಲು ಹಿಡಿಯುವ ಸಮಯವೇ ಕಾರ್ಯಕ್ರಮದ ಆರಂಭವನ್ನು ನಿರ್ಧರಿಸುತ್ತದೆ.

ಅನುಮತಿ, ವಿಮೆ, ಸದ್ದಿನ ಮಿತಿ, ಗಾಲಿಕುರ್ಚಿಗೆ 1:12ಕ್ಕಿಂತ (ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ) ಕಡಿದಾಗಿರದ ಇಳಿಜಾರು, ಶೌಚಾಲಯಗಳ ಸಂಖ್ಯೆ ಇವೆಲ್ಲವನ್ನೂ ಇದೇ ಹಂತದಲ್ಲಿ ಬರೆಹದಲ್ಲಿ ಪಡೆಯಬೇಕು. ಜನ ಸೇರಲು ಕಟ್ಟದ ಕಟ್ಟಡದಲ್ಲಿ ತಾತ್ಕಾಲಿಕವಾಗಿ ಜನ ಸೇರಿಸಲು ಬೇರೆ ಅನುಮತಿ ಬೇಕಾಗಬಹುದು, ಅದಕ್ಕೆ ತಿಂಗಳುಗಳು ಹಿಡಿಯಬಹುದು. 2016ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಘೋಸ್ಟ್ ಶಿಪ್ ಗೋದಾಮಿನಲ್ಲಿ, ಅಂತಹ ಅನುಮತಿಯಿಲ್ಲದೆ ನಡೆದ ಸಂಗೀತ ಕಾರ್ಯಕ್ರಮದ ವೇಳೆ ಬೆಂಕಿ ಬಿದ್ದು 36 ಜನ ಸತ್ತರು. ಅಮೆರಿಕದ ಕಟ್ಟಡ ಸಂಹಿತೆಯು ಇಂತಹ ಸಭೆಗಳಲ್ಲಿ 49 ಜನ ಮೀರಿದರೆ ಎರಡು, 500 ಮೀರಿದರೆ ಮೂರು, 1,000 ಮೀರಿದರೆ ನಾಲ್ಕು ನಿರ್ಗಮನ ದಾರಿಗಳನ್ನು ಕೇಳುತ್ತದೆ. ನಿಮ್ಮಲ್ಲಿನ ನಿಯಮ ಏನೇ ಇರಲಿ, ಇದನ್ನು ಕನಿಷ್ಠವೆಂದು ತಿಳಿದು ತಾಣವನ್ನು ಅಳೆಯಬಹುದು.

ಮೂರನೆಯ ಹಂತ: ಥೀಮನ್ನು ತಾಣದಿಂದಲೇ ಹೆಕ್ಕುವುದು

ನ್ಯೂಯಾರ್ಕಿನ ಮೆಟ್ ಗಾಲಾ 1948ರಲ್ಲಿ ಉಡುಗೆ ಸಂಗ್ರಹಾಲಯವೊಂದಕ್ಕೆ ಹಣ ಕೂಡಿಸುವ ರಾತ್ರಿಯೂಟವಾಗಿ ಆರಂಭವಾಗಿ, ಮೊದಲ ವರ್ಷಗಳಲ್ಲಿ ಹೋಟೆಲಿನಂತಹ ಕಡೆಗಳಲ್ಲಿ ನಡೆಯುತ್ತಿತ್ತು. 1970ರ ದಶಕದಲ್ಲಿ ಅದು ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಒಳಗೇ ಬಂದು, ಆಯಾ ವರ್ಷದ ಪ್ರದರ್ಶನದ ವಿಷಯವೇ ಸಂಜೆಯ ಥೀಮ್ ಆದಾಗ ತಾಣ, ಥೀಮ್, ಉದ್ದೇಶ ಮೂರೂ ಒಂದೇ ನೂಲಿನಲ್ಲಿ ಪೋಣಿಸಿಕೊಂಡವು. ಈ ಮೂರರ ನಡುವೆ ಸಂಬಂಧವಿಲ್ಲದಿದ್ದರೆ ಅತಿಥಿಗಳು ಅಲಂಕಾರವನ್ನು ಹೊಗಳಿ, ಉದ್ದೇಶವನ್ನು ಮರೆತು ಮನೆಗೆ ಹೋಗುತ್ತಾರೆ.

ನಮ್ಮ ಶೆಡ್ಡಿನಲ್ಲಿ ಏನಿದೆ? ಎತ್ತರದ ಚಾವಣಿ, ಮಸಿ ಹಿಡಿದ ಇಟ್ಟಿಗೆ, ನೆಲದಲ್ಲಿ ಹುದುಗಿದ ಹಳಿಗಳು, ಬಹಳಷ್ಟು ಕತ್ತಲು. ಉದ್ದೇಶ ಏನು? ಮಸುಕಾದ ಕಣ್ಣಿಗೆ ಬೆಳಕು ಮರಳಿಸುವುದು. ಸುರಂಗದಿಂದ ಬೆಳಕಿಗೆ ಬರುವ ಪಯಣ ಎಂಬ ಥೀಮ್ ಇಲ್ಲಿ ಹುಡುಕದೆಯೇ ಸಿಕ್ಕಿತು. ಇದೇ ಶೆಡ್ಡಿನಲ್ಲಿ ಸಮುದ್ರದಾಳದ ಲೋಕವನ್ನು ಕಟ್ಟಲು ಹೊರಟರೆ ಪ್ರತಿಯೊಂದು ಇಟ್ಟಿಗೆಯನ್ನೂ ಮರೆಮಾಚಬೇಕಾಗುತ್ತದೆ.

ಥೀಮ್ ಸಿಕ್ಕಿದ ಮೇಲೆ ಅದನ್ನು ಹಿಗ್ಗಿಸುವ ಬದಲು ಕುಗ್ಗಿಸಬೇಕು: ಎರಡು ಬಣ್ಣ, ಒಂದು ಮುಖ್ಯ ವಸ್ತು, ಮನಸ್ಸಿನಲ್ಲಿ ಉಳಿಯುವ ಒಂದು ಘಟನೆ. ಬರಹಗಾರ ಟ್ರೂಮನ್ ಕಪೋಟಿ 1966ರ ನವೆಂಬರ್ 28ರಂದು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಏರ್ಪಡಿಸಿದ ಕಪ್ಪು-ಬಿಳುಪು ಕೂಟ ಸಹಾಯಾರ್ಥವಾಗಿರಲಿಲ್ಲ, ಆದರೆ ಅಲಂಕಾರ ಮಾಡುವವರಿಗೆ ಅದು ಇಂದಿಗೂ ಪಾಠ. ಅಲ್ಲಿ ಕೋಣೆಯನ್ನು ಸಿಂಗರಿಸಿದ್ದು ಎರಡೇ ಬಣ್ಣಗಳಲ್ಲಿ ಮುಖವಾಡ ಧರಿಸಿ ಬಂದ ಅತಿಥಿಗಳೇ. ಉಡುಗೆಯ ಸೂಚನೆ ಆಮಂತ್ರಣದಲ್ಲಿ ಒಂದೇ ಸಾಲಿನಲ್ಲಿ, ಎಲ್ಲರ ಬೀರುವಿನಲ್ಲೂ ಇರಬಹುದಾದ ಬಟ್ಟೆಗೆ ಹೊಂದುವಂತೆ ಇರಲಿ. ನಮ್ಮ ಸಂಜೆಗೆ ಬೂದು ಮತ್ತು ಚಿನ್ನದ ಹಳದಿ ಬಣ್ಣಗಳು, ಮುಖ್ಯ ವಸ್ತುವಾಗಿ ತುಕ್ಕಿನ ಬಣ್ಣದ ಲೋಹ. ಘಟನೆಯ ಮಾತು ಮುಂದೆ ಬರುತ್ತದೆ.

ನಾಲ್ಕನೆಯ ಹಂತ: ಅತಿಥಿ ನಡೆಯುವ ದಾರಿ

ದೊಡ್ಡ ತಾಣದ ಗಾತ್ರ ಮನಸ್ಸಿಗೆ ತಟ್ಟಬೇಕಾದರೆ ಮೊದಲು ಸಣ್ಣದೊಂದರೊಳಗೆ ಹಾದುಬರಬೇಕು. ಶೆಡ್ಡಿನ ಬಾಗಿಲಿನಿಂದ ಮೂವತ್ತು ಅಡಿ ಉದ್ದಕ್ಕೆ ಕಪ್ಪು ಪರದೆಯ ಓಣಿಯೊಂದನ್ನು ಕಟ್ಟಿ, ಎಂಟು ಅಡಿ ಅಗಲ ಬಿಟ್ಟು, ನೆಲಮಟ್ಟದಲ್ಲಿ ದಾರಿ ತೋರುವಷ್ಟು ದೀಪ ಇಡಬೇಕು. ಓಣಿಯ ಗೋಡೆಗಳ ಮೇಲೆ ಕಣ್ಣಿನ ಪೊರೆ ಇರುವವರಿಗೆ ಲೋಕ ಹೇಗೆ ಮಸುಕಾಗಿ ಕಾಣುತ್ತದೆ ಎಂಬುದನ್ನು ತೋರಿಸುವ ನಾಲ್ಕೈದು ದೊಡ್ಡ ಚಿತ್ರಗಳು ಸಾಕು, ವಿವರಣೆಯ ಫಲಕ ಬೇಡ. ಓಣಿ ಮುಗಿದೊಡನೆ ನಲವತ್ತು ಅಡಿ ಎತ್ತರದ ಚಾವಣಿ ತೆರೆದುಕೊಳ್ಳುತ್ತದೆ. ಇಷ್ಟು ಪರಿಣಾಮಕ್ಕೆ ಬೇಕಾದದ್ದು ಬಟ್ಟೆ, ಕಂಬ ಮತ್ತು ಕೆಲವು ದೀಪಗಳು. ಈ ಓಣಿ ಎಂದಿಗೂ ಏಕೈಕ ನಿರ್ಗಮನ ದಾರಿಯಾಗಿರಬಾರದು, ಅದರ ಬಟ್ಟೆ ಬೆಂಕಿ ನಿರೋಧಕವಾಗಿರಲೇಬೇಕು.

ಐದನೆಯ ಹಂತ: ಬೆಳಕು

ವಿಶಿಷ್ಟ ತಾಣದಲ್ಲಿ ಅಲಂಕಾರದ ಹಣ ಒಂದೇ ಕಡೆ ಹೋಗಬೇಕೆಂದರೆ ಅದು ಬೆಳಕಿಗೆ ಹೋಗಲಿ. ಹೂವು ಮೇಜನ್ನು ಮಾತ್ರ ಬದಲಿಸುತ್ತದೆ, ಬೆಳಕು ಕಟ್ಟಡವನ್ನೇ ಬದಲಿಸುತ್ತದೆ. ಮರುದಿನ ಅದನ್ನು ಕಸದ ಲಾರಿಗೆ ಹಾಕಬೇಕಾಗಿಯೂ ಇಲ್ಲ.

ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಮೂರು ಮೀಟರ್ ಎತ್ತರದಿಂದ ಮೇಜಿಗೆ ಸಾಕಷ್ಟು ಬೆಳಕು ಕೊಡುವ ದೀಪವನ್ನು ಹನ್ನೆರಡು ಮೀಟರ್ ಎತ್ತರದ ಚಾವಣಿಗೆ ಕಟ್ಟಿದರೆ ಮೇಜಿಗೆ ತಲುಪುವುದು ಹದಿನಾರರಲ್ಲಿ ಒಂದು ಪಾಲು. ಆದ್ದರಿಂದ ಬೆಳಕನ್ನು ಮೂರು ಪದರಗಳಾಗಿ ಯೋಚಿಸಬೇಕು. ಮೊದಲ ಪದರ ಕಟ್ಟಡದ್ದು: ಗೋಡೆಯ ಬುಡದಲ್ಲಿ ಎರಡೂವರೆಯಿಂದ ಮೂರು ಮೀಟರಿಗೊಂದರಂತೆ ದೀಪ ಇಟ್ಟು ಬೆಳಕನ್ನು ಮೇಲಕ್ಕೆ ಹಾಯಿಸಿದರೆ ಇಟ್ಟಿಗೆಯ ಒರಟುತನ, ಕಬ್ಬಿಣದ ತೊಲೆಗಳ ಗೆರೆ ಎದ್ದು ಕಾಣುತ್ತವೆ. ಎರಡನೆಯದು ಜನರದ್ದು: ತಲೆಯಿಂದ ನಾಲ್ಕೈದು ಅಡಿ ಮೇಲೆ ತೂಗುವ ಸಣ್ಣ ಬಲ್ಬುಗಳ ಸಾಲುಗಳು ಎತ್ತರದ ಕೋಣೆಯೊಳಗೆ ಇನ್ನೊಂದು ತಗ್ಗಿನ ಚಾವಣಿಯನ್ನು ಕಲ್ಪಿಸಿ ಆಪ್ತತೆ ತರುತ್ತವೆ. ಮೂರನೆಯದು ಮೇಜಿನದು: ಪ್ರತಿ ಮೇಜಿನ ನಡುವಿಗೆ ಮೇಲಿನಿಂದ ಬೀಳುವ ಕಿರಿದಾದ ಒಂದು ಕಿರಣ, ಅಥವಾ ಮೇಜಿನ ಮೇಲೆಯೇ ಬ್ಯಾಟರಿ ದೀಪ.

ಬಣ್ಣದ ದೀಪಗಳನ್ನು ಗೋಡೆಗೆ ಮಾತ್ರ ಬಿಡಬೇಕು. ಮುಖ ಮತ್ತು ಊಟದ ಮೇಲೆ 2,700ರಿಂದ 3,000 ಕೆಲ್ವಿನ್‌ನ (ಬೆಳಕಿನ ಬಣ್ಣದ ಛಾಯೆಯ ಅಳತೆ) ಬೆಚ್ಚಗಿನ ಬಿಳಿ ಬೆಳಕೇ ಬೀಳಬೇಕು. ನೀಲಿ ಬೆಳಕಿನಲ್ಲಿ ಎಂತಹ ರುಚಿಯ ಊಟವೂ ಹಳಸಿದಂತೆ ಕಾಣುತ್ತದೆ. ಎಲ್ಲ ಪದರಗಳೂ ಬೇರೆಬೇರೆಯಾಗಿ ಏರಿಸಿ ಇಳಿಸಲು ಬರುವಂತೆ ಒಂದೇ ನಿಯಂತ್ರಣ ಫಲಕಕ್ಕೆ ಜೋಡಿಸಿರಬೇಕು. ತುರ್ತು ನಿರ್ಗಮನದ ದೀಪಗಳು ಎಷ್ಟೇ ವಿಕಾರವಾಗಿ ಕಂಡರೂ ಅವನ್ನು ಮುಚ್ಚುವ ಹಾಗಿಲ್ಲ.

ಆರನೆಯ ಹಂತ: ಧ್ವನಿ

ಖಾಲಿ ಶೆಡ್ಡಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಸದ್ದು ಅಡಗುವವರೆಗೆ ಎಣಿಸಬೇಕು. ಮಾತು ಸ್ಪಷ್ಟವಾಗಿ ಕೇಳಲು ಪ್ರತಿಧ್ವನಿ ಸುಮಾರು ಒಂದು ಸೆಕೆಂಡಿನೊಳಗೆ ಅಡಗಬೇಕು; ಲೋಹ ಮತ್ತು ಕಾಂಕ್ರೀಟಿನ ದೊಡ್ಡ ಕಟ್ಟಡಗಳಲ್ಲಿ ಅದು ನಾಲ್ಕೈದು ಸೆಕೆಂಡ್ ಸುತ್ತುತ್ತದೆ. ಇಂತಹ ಕಡೆ ಧ್ವನಿಯನ್ನು ಹೆಚ್ಚಿಸಿದಷ್ಟೂ ಮಾತು ಕಲಸಿಹೋಗುತ್ತದೆ. ವೇದಿಕೆಯ ಅಕ್ಕಪಕ್ಕ ಎರಡು ದೈತ್ಯ ಸ್ಪೀಕರ್ ನಿಲ್ಲಿಸುವ ಬದಲು ಮೇಜುಗಳ ಹತ್ತಿರ ಎಂಟು ಹತ್ತು ಸಣ್ಣ ಸ್ಪೀಕರ್‌ಗಳನ್ನು ತಗ್ಗಿದ ಧ್ವನಿಯಲ್ಲಿ ನಡೆಸಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ 34 ಮೀಟರ್ ದೂರದ ಸ್ಪೀಕರಿಗೆ ಹತ್ತನೇ ಒಂದು ಸೆಕೆಂಡಿನ ವಿಳಂಬವನ್ನು ಹೊಂದಿಸದಿದ್ದರೆ ಹಿಂದಿನ ಮೇಜಿನವರಿಗೆ ಪ್ರತಿ ಮಾತೂ ಎರಡೆರಡು ಬಾರಿ ಕೇಳುತ್ತದೆ. ಪರದೆ, ನೆಲಹಾಸು, ದಪ್ಪ ಮೇಜುಬಟ್ಟೆಗಳು ಸದ್ದನ್ನು ಹೀರುವ ಅಲಂಕಾರಗಳು. ಬಟ್ಟೆಗೆ ಖರ್ಚು ಮಾಡಲು ಇದೇ ಸರಿಯಾದ ಕಾರಣ. ಹಣ ಕೇಳುವ ಮಾತೇ ಕೇಳಿಸದಿದ್ದರೆ ಹಣ ಬರುವುದಾದರೂ ಹೇಗೆ?

ಏಳನೆಯ ಹಂತ: ಮೇಜು, ಬಟ್ಟೆ, ತೂಗುವ ವಸ್ತುಗಳು

ಮೇಜಿನ ಎತ್ತರ ಎರಡೂವರೆ ಅಡಿ ಇರುವುದರಿಂದ ಐದಡಿ ಮೇಜಿಗೆ ನೆಲ ಮುಟ್ಟುವ ಬಟ್ಟೆಯ ವ್ಯಾಸ ಹತ್ತು ಅಡಿ. ನಡುವಿನ ಅಲಂಕಾರ ಒಂದು ಅಡಿಗಿಂತ ಗಿಡ್ಡವಾಗಿರಲಿ ಅಥವಾ ತೆಳ್ಳಗಿನ ಕಾಲಿನ ಮೇಲೆ ಎರಡು ಅಡಿಗಿಂತ ಎತ್ತರದಲ್ಲಿರಲಿ. ಇವೆರಡರ ನಡುವಿನದು ಎದುರಿಗೆ ಕುಳಿತವರ ಮುಖವನ್ನು ಮರೆಮಾಡುತ್ತದೆ. ಊಟದ ಮೇಜಿಗೆ ಗಾಢ ಪರಿಮಳದ ಹೂವು ಬೇಡ. ನಮ್ಮ ಥೀಮಿಗೆ ಹಳೆಯ ಲಾಟೀನಿನಂತಹ ಬ್ಯಾಟರಿ ದೀಪ, ಅದರ ಸುತ್ತ ಒಣಹುಲ್ಲಿನ ತೆನೆ ಇಟ್ಟು, ಮೇಜುಗಳಿಗೆ ಸಂಖ್ಯೆಯ ಬದಲು ನಿಲ್ದಾಣದ ಫಲಕದಂತಹ ಹೆಸರು ಬರೆಯಬಹುದು.

ಮೇಲಿನಿಂದ ಏನನ್ನಾದರೂ ತೂಗುಹಾಕುವ ಮೊದಲು ತೊಲೆ ಎಷ್ಟು ಭಾರ ಹೊರಬಲ್ಲದೆಂದು ಎಂಜಿನಿಯರರಿಂದ ಬರೆಸಿಕೊಳ್ಳಬೇಕು. ನೀರಿನ ಕೊಳವೆಗೂ ಬೆಂಕಿ ನಂದಿಸುವ ಸಿಂಪಡಣೆಯ ಕೊಳವೆಗೂ ಏನನ್ನೂ ಕಟ್ಟಬಾರದು. ಸಿಂಪಡಣೆಯ ಮೂತಿಯ ಕೆಳಗೆ ಒಂದೂವರೆ ಅಡಿ ಖಾಲಿ ಇರಬೇಕು. ಒಂದೇ ವಸ್ತುವನ್ನು ಎರಡು ಹಗ್ಗಗಳಿಂದ ಅಗಲವಾಗಿ ಎಳೆದು ಕಟ್ಟಿದಾಗ ಅವುಗಳ ನಡುವಿನ ಕೋನ 120 ಡಿಗ್ರಿಯಾದರೆ ಪ್ರತಿ ಹಗ್ಗದ ಮೇಲೂ ವಸ್ತುವಿನ ಪೂರ್ತಿ ಭಾರದಷ್ಟು ಸೆಳೆತ ಬೀಳುತ್ತದೆ. ಎರಡು ಹಗ್ಗವಿದೆ, ಭಾರ ಅರ್ಧವಾಯಿತು ಎಂದುಕೊಳ್ಳುವವರು ಇಲ್ಲಿಯೇ ಎಡವುತ್ತಾರೆ. ಹೀಲಿಯಂ ಬಲೂನುಗಳನ್ನು ನಾನು ಶಿಫಾರಸು ಮಾಡುವುದಿಲ್ಲ: ಹನ್ನೊಂದು ಅಂಗುಲದ ಬಲೂನು ಎತ್ತುವುದು ಸುಮಾರು 14 ಗ್ರಾಂ, ಒಂದು ದಿನವೂ ನಿಲ್ಲುವುದಿಲ್ಲ, ತಪ್ಪಿಸಿಕೊಂಡರೆ ಕೈಗೆಟುಕದ ಚಾವಣಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಬೆಂಕಿಯ ವಿಚಾರದಲ್ಲಿ ಅಲಂಕಾರ ಮಾಡುವವರು ಮರೆಯಬಾರದ ದಿನ 1942ರ ನವೆಂಬರ್ 28. ಅಂದು ಬಾಸ್ಟನ್ನಿನ ಕೋಕೊನಟ್ ಗ್ರೋವ್ ಕ್ಲಬ್ಬಿನಲ್ಲಿ ಕೃತಕ ತಾಳೆಮರ ಮತ್ತು ಚಾವಣಿಗೆ ಹೊದಿಸಿದ್ದ ಬಟ್ಟೆಯ ಮೂಲಕ ಬೆಂಕಿ ಹರಡಿ 492 ಜನ ಸತ್ತರು. ತಿರುಗುವ ಮುಖ್ಯ ಬಾಗಿಲು ಜನರ ಒತ್ತಡಕ್ಕೆ ಸಿಕ್ಕಿಕೊಂಡಿತ್ತು, ಬೇರೆ ಕೆಲವು ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು. ಪ್ರತಿ ಬಟ್ಟೆಗೂ ಬೆಂಕಿ ನಿರೋಧಕ ಪ್ರಮಾಣಪತ್ರ ಕೇಳಬೇಕು, ಉರಿಯುವ ಮೇಣದಬತ್ತಿಯ ಬದಲು ಬ್ಯಾಟರಿ ಬತ್ತಿ ಬಳಸಬೇಕು, ಅತಿಥಿಗಳು ಬರುವ ಅರ್ಧ ಗಂಟೆ ಮೊದಲು ಒಬ್ಬರು ಪ್ರತಿಯೊಂದು ನಿರ್ಗಮನ ಬಾಗಿಲನ್ನೂ ತಮ್ಮ ಕೈಯಿಂದಲೇ ತೆರೆದು ನೋಡಬೇಕು.

ಎಂಟನೆಯ ಹಂತ: ಸಂಜೆಯ ಓಟ

ಮೊದಲ ಮುಕ್ಕಾಲು ಗಂಟೆ ಅತಿಥಿಗಳು ನಿಂತು ಓಡಾಡುವಾಗ ಚೀಟಿಯಲ್ಲಿ ಬೆಲೆ ಬರೆಯುವ ಮೌನ ಹರಾಜು ನಡೆಯಲಿ. ಮುಖ್ಯ ಊಟ ಮುಗಿಯುವ ಮುನ್ನ ಅದನ್ನು ಮುಚ್ಚಬೇಕು. ಕೂಗಿ ನಡೆಸುವ ಹರಾಜಿಗೆ ಆರರಿಂದ ಎಂಟು ವಸ್ತುಗಳು ಸಾಕು. ನೇರವಾಗಿ ದೇಣಿಗೆ ಕೇಳುವ ಹೊತ್ತು ಸಿಹಿ ಬಡಿಸುವುದಕ್ಕೆ ಸ್ವಲ್ಪ ಮೊದಲು ಬರಲಿ, ಏಕೆಂದರೆ ಸಿಹಿ ಮುಗಿದೊಡನೆ ಜನ ಏಳುತ್ತಾರೆ. ಅದಕ್ಕೂ ಮುಂಚೆ ಒಬ್ಬರೇ ಒಬ್ಬರು, ಐದು ನಿಮಿಷ ಮೀರದಂತೆ, ತಮ್ಮ ಸ್ವಂತ ಒಪ್ಪಿಗೆಯಿಂದ ತಮ್ಮ ಕತೆಯನ್ನು ಹೇಳಲಿ.

ಥೀಮಿನ ಘಟನೆ ಇಲ್ಲಿಗೆ ಸೇರಿದ್ದು. ತೂಗುವ ಬಲ್ಬುಗಳನ್ನು ಹತ್ತು ಸಾಲುಗಳಾಗಿ ಮಾಡಿ, ದೇಣಿಗೆ ಕೇಳುವ ಮುನ್ನ ನಡೆಯಲು ಬೇಕಾದಷ್ಟು ಬೆಳಕು ಉಳಿಸಿ ಎಲ್ಲವನ್ನೂ ಆರಿಸಬೇಕು. ದೊಡ್ಡ ಮೊತ್ತದಿಂದ ಚಿಕ್ಕದಕ್ಕೆ ಇಳಿಯುತ್ತ ನಿರೂಪಕರು ಕೇಳುತ್ತ ಹೋದಂತೆ, ಗುರಿಯ ಪ್ರತಿ ಹತ್ತನೇ ಒಂದು ಭಾಗ ತುಂಬಿದಾಗ ಒಂದು ಸಾಲು ಹೊತ್ತಿಕೊಳ್ಳಬೇಕು. ಲೆಕ್ಕ ಬರೆಯುವವರೊಬ್ಬರು ದೀಪದ ಫಲಕದ ಪಕ್ಕದಲ್ಲಿಯೇ ಕುಳಿತಿರಬೇಕು. ಎಂಟನೆಯ ಸಾಲಿನಲ್ಲಿ ದೇಣಿಗೆ ನಿಂತುಹೋದರೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಅದಕ್ಕಾಗಿ ಒಬ್ಬ ದಾನಿಯಿಂದ, ಇತರರು ಕೊಟ್ಟಷ್ಟನ್ನು ತಾವೂ ಕೊಡುವ ಭರವಸೆಯನ್ನು ಮೊದಲೇ ಪಡೆದು, ಕೊನೆಯ ಸಾಲುಗಳ ಹೊತ್ತಿಗೆ ಅದನ್ನು ಬಹಿರಂಗವಾಗಿಯೇ ಹೇಳಬೇಕು. ಬಾರದ ಹಣಕ್ಕೆ ದೀಪ ಹಚ್ಚುವುದು ಮಾತ್ರ ಬೇಡ.

ಒಂಬತ್ತನೆಯ ಹಂತ: ಕಟ್ಟುವುದು ಮತ್ತು ಬಿಚ್ಚುವುದು

ಕೆಲಸ ಮೇಲಿನಿಂದ ಕೆಳಕ್ಕೆ ಇಳಿಯಬೇಕು: ಮೊದಲು ತೂಗುವ ದೀಪಗಳು, ಆಮೇಲೆ ಕೇಬಲ್, ನೆಲಹಾಸು, ಮೇಜು, ಬಟ್ಟೆ, ಕೊನೆಗೆ ಹೂವು. ಎತ್ತರಕ್ಕೇರುವ ಯಂತ್ರಕ್ಕೆ ನೆಲ ಖಾಲಿ ಬೇಕಾಗುವುದರಿಂದ ಮೇಜುಗಳು ಒಂದು ಗಂಟೆ ಬೇಗ ಬಂದರೂ ಅರ್ಧ ದಿನ ಹಾಳಾಗುತ್ತದೆ. ಒಪ್ಪಂದದಲ್ಲಿ ಕಟ್ಟಲು ಎರಡು ದಿನ, ಬಿಚ್ಚಲು ಒಂದು ದಿನ ಸೇರಿಸಿಯೇ ಬಾಡಿಗೆ ಮಾತಾಡಬೇಕು. ಮೊದಲ ಲಾರಿ ಒಳಬರುವ ಮುನ್ನ ನೆಲ, ಗೋಡೆ, ಬಾಗಿಲುಗಳ ಚಿತ್ರಗಳನ್ನು ದಿನಾಂಕದೊಂದಿಗೆ ತೆಗೆದಿಟ್ಟುಕೊಂಡರೆ, ಕೊನೆಯ ಲಾರಿ ಹೊರಟ ಮೇಲೆ ಮಾಲೀಕರ ಜೊತೆ ಅದೇ ಚಿತ್ರಗಳನ್ನು ಹಿಡಿದು ಒಂದು ಸುತ್ತು ಬಂದು ಬೀಗದ ಕೈ ಒಪ್ಪಿಸಬಹುದು. ದಾನಿಗಳಿಗೆ ಹೋಗುವ ಕೃತಜ್ಞತಾ ಪತ್ರ ಒಂದು ವಾರದೊಳಗೆ ತಲುಪಬೇಕು, ಅದರಲ್ಲಿ ಬಂದ ಮೊತ್ತ, ಆದ ಖರ್ಚು, ಉಳಿದ ಹಣದಲ್ಲಿ ಆಗಲಿರುವ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಮೂರೂ ಇರಬೇಕು.